'ಭೇದಿ ಇಲ್ಲ, ಹಲ್ಲು ಬರ್ತಿದೆ': ಭಾಷೆಯ ಹುಚ್ಚು ಆರೋಗ್ಯದ ಕೆಲಸಕ್ಕೆ ಬರುವ ಬಗೆ

ಪ್ರಶ್ನೆ: ನನಗೆ 23 ವರ್ಷ, ಪುತ್ತೂರು ಕಡೆಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಬಿ.ಎಸ್ಸಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೇನೆ. ರೂಮ್‌ಮೇಟ್ ಕೋಲ್ಕತ್ತಾದವಳು. ಅವಳಿಂದ ಬಂಗಾಳಿ ಕಲಿಯುತ್ತಿದ್ದೇನೆ. ಎರಡು ಸಲ ಅವಳ ಊರಿಗೂ ಸುಂದರಬನಕ್ಕೂ ಹೋಗಿ ಬಂದೆ. ಅಲ್ಲಿ ಒಂದು ಹಳ್ಳಿಯ ಆರೋಗ್ಯ ಶಿಬಿರ ನೋಡಿದಾಗಿನಿಂದ ಸಾರ್ವಜನಿಕ ಆರೋಗ್ಯದಲ್ಲಿ ಕೆಲಸ ಮಾಡಬೇಕು ಅನ್ನಿಸುತ್ತಿದೆ. ಆದರೆ ನಾನು ಡಾಕ್ಟರ್ ಅಲ್ಲ. ಭಾಷೆ ಕಲಿಯೋದು, ಊರು ಸುತ್ತೋದು ಸುಮ್ನೆ ಹವ್ಯಾಸ, ಅದರಿಂದ ಹೊಟ್ಟೆ ತುಂಬಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ಈ ಹವ್ಯಾಸ ನಿಜವಾಗಿಯೂ ಈ ಕೆಲಸಕ್ಕೆ ಬರುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಖಂಡಿತ ಬರುತ್ತದೆ. ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಬಂಗಾಳಿ ಕಲಿಯುತ್ತಿದ್ದೀರಲ್ಲ, ಹಾಗಾಗಿ ಬಂಗಾಳದ ಕಥೆಯಿಂದಲೇ ಶುರು ಮಾಡೋಣ. ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನ ನಾನು ಹೇಳುವುದು ಇದನ್ನೇ.

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಲಕ್ಷಾಂತರ ಜನ ಗಡಿ ದಾಟಿ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿಯಲ್ಲಿರುವ ಬನಗಾಂವ್‌ನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ರಕ್ತನಾಳಕ್ಕೆ ಹಾಕುವ ಸಲೈನ್ ಸಾಲಲಿಲ್ಲ. ಆಗ ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಯ ಜೊತೆ ಬಂದ ಅಮ್ಮ, ಅಕ್ಕ, ಗಂಡ, ಯಾರಾದರೂ ಸರಿ, ಲೋಟದಲ್ಲಿ ತೆಗೆದುಕೊಂಡು ಕುಡಿಸುತ್ತಾ ಇರಬೇಕು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 3.6ಕ್ಕೆ ಇಳಿಯಿತು. ಇವತ್ತು ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪುಡಿಯ ಹಿಂದೆ ಇರುವುದು ಇದೇ ನೀರು.

ಆದರೆ ಪುಡಿ ಸಿಗದ ಹಳ್ಳಿಯಲ್ಲಿ ಏನು ಮಾಡುವುದು? ಫಜ್ಲೆ ಹಸನ್ ಆಬೇದ್ ಬಾಂಗ್ಲಾದೇಶದಲ್ಲಿ 1972ರಲ್ಲಿ ಕಟ್ಟಿದ ಬ್ರಾಕ್ ಅನ್ನುವ ಸ್ವಯಂಸೇವಾ ಸಂಸ್ಥೆ 1980ರಲ್ಲಿ ಒಂದು ದೊಡ್ಡ ಕೆಲಸಕ್ಕೆ ಇಳಿಯಿತು. ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡು ಬಾಂಗ್ಲಾದೇಶದ ಮನೆ ಮನೆಗೆ ಕಳಿಸಿತು. ಅವರು ಹೇಳಿಕೊಟ್ಟ ಪಾಠ ಇಷ್ಟೇ: ಎಕ್ ಚಿಮ್ಟಿ ಲೊಬೊನ್, ಎಕ್ ಮುಠ್ ಗುಡ್, ಆಧಾ ಶೇರ್ ಪಾನಿ. ಮೂರು ಬೆರಳಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಕಲಿಸುವವಳು ಮಾಡಿ ತೋರಿಸಿ ಎದ್ದುಹೋಗುವಂತಿಲ್ಲ. ತಾಯಿ ತನ್ನ ಕೈಯಾರೆ, ತನ್ನ ಮನೆಯ ಪಾತ್ರೆಯಲ್ಲೇ ಮಾಡಬೇಕು. ತಿಂಗಳಾದ ಮೇಲೆ ಇನ್ನೊಬ್ಬರು ಬಂದು ಕೆಲವು ಮನೆಗಳಲ್ಲಿ ಕೇಳಿ ನೋಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆ ಅನ್ನುವುದರ ಮೇಲೆ ಕಲಿಸಿದವಳ ಸಂಬಳ. ಎಷ್ಟು ಮನೆ ಹತ್ತಿ ಇಳಿದೆ ಅನ್ನುವುದಕ್ಕೆ ದುಡ್ಡಿಲ್ಲ! ಹೀಗೆ ಹತ್ತು ವರ್ಷದಲ್ಲಿ ಸುಮಾರು 1 ಕೋಟಿ 20 ಲಕ್ಷ ಮನೆಗಳನ್ನು ಮುಟ್ಟಿದರು.

ನಿಮಗೆ ಬೇಕಾದ ಭಾಗ ಈಗ ಬರುತ್ತದೆ. ತಾಯಂದಿರು ಕಲಿತರು, ನೆನಪಿಟ್ಟುಕೊಂಡರು, ಸರಿಯಾಗಿ ಮಾಡಿಯೂ ತೋರಿಸಿದರು. ಆದರೂ ಮಗುವಿಗೆ ಭೇದಿಯಾದಾಗ ತುಂಬಾ ಮನೆಗಳಲ್ಲಿ ಅದನ್ನು ಕುಡಿಸುತ್ತಿರಲಿಲ್ಲ. ಲೆಕ್ಕ ತೆಗೆದವರಿಗೆ ತಲೆಬುಡ ಅರ್ಥವಾಗಲಿಲ್ಲ. ಕೊನೆಗೆ ಹೋಗಿ ಕೂತು ಕೇಳಿದಾಗ ವಿಷಯ ಹೊರಗೆ ಬಂತು. ಪಾಠದಲ್ಲಿ 'ಡಯೇರಿಯಾ' ಅಂತ ಹೇಳಿಕೊಟ್ಟಿದ್ದರು. ತಾಯಂದಿರ ಮಾತಿನಲ್ಲಿ ಭೇದಿಗೆ ಹೆಸರು ಒಂದೇ ಆಗಿರಲಿಲ್ಲ, ನಾಲ್ಕಿದ್ದವು. ಎದೆಹಾಲು ಕುಡಿಯುವ ಕೂಸಿಗೆ ಆಗುವುದು 'ದುಧ್ ಹಾಗಾ'. ತಿಂದದ್ದು ಅರಗದೆ ಆಗುವುದು 'ಅಜೀರ್ನೊ'. ಲೋಳೆ, ರಕ್ತ ಬೀಳುವುದು 'ಆಮಾಶಾ'. ಕಾಲರಾದ ಹಾಗೆ ನೀರು ನೀರಾಗಿ ಹೋಗಿ ಜೀವಕ್ಕೇ ಬರುವುದು ಮಾತ್ರ 'ಡಯೇರಿಯಾ'. ತಾಯಂದಿರು ಪಾಠವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಡಯೇರಿಯಾ ಆದಾಗ ಉಪ್ಪು ಬೆಲ್ಲದ ನೀರು ಕೊಡುತ್ತಿದ್ದರು. ಉಳಿದ ಮೂರಕ್ಕೆ ಕೊಡಿ ಅಂತ ಅವರಿಗೆ ಯಾರೂ ಹೇಳಿಯೇ ಇರಲಿಲ್ಲ.

ಆಮೇಲೆ ಪಾಠ ಬದಲಾಯಿತು. ನಾಲ್ಕೂ ಹೆಸರು ಹೇಳಿ ಕಲಿಸತೊಡಗಿದರು. ಗಂಡಸರನ್ನೂ ಸೇರಿಸಿ ಬೇರೆ ಸಭೆ ಮಾಡಿದರು. ಮನೆಯ ಯಜಮಾನನಿಗೆ ನಂಬಿಕೆ ಬರದೆ ಒಲೆಯ ಮುಂದೆ ಏನೂ ನಡೆಯುತ್ತಿರಲಿಲ್ಲ.

'ಅಜೀರ್ನೊ', 'ಆಮಾಶಾ' ಓದುವಾಗ ನಿಮ್ಮ ಕಿವಿ ನಿಮಿರಿತು, ಅಲ್ವಾ? ನಮ್ಮ ಅಜೀರ್ಣ, ನಮ್ಮ ಆಮಶಂಕೆ. ಕನ್ನಡದವರಿಗೆ ಬಂಗಾಳಿ ಬೇಗ ಹತ್ತುವುದು ಇಂಥ ಪದಗಳಿಂದಲೇ. ಆದರೆ ಜಾಸ್ತಿ ಎಚ್ಚರ ಬೇಕಾದದ್ದೂ ಇಲ್ಲೇ. ನಾವು ಅಜೀರ್ಣ ಅಂದರೆ ಹೊಟ್ಟೆ ಉಬ್ಬರ, ಹುಳಿತೇಗು ಅಂದುಕೊಳ್ಳುತ್ತೇವೆ. ಆ ತಾಯಿಗೆ ಅದು ಭೇದಿಯ ಒಂದು ಬಗೆ. ಇನ್ನೊಂದು ಮಾತು: ಕೋಲ್ಕತ್ತಾದ ಗೆಳತಿ ನಿಮಗೆ ನೀರಿಗೆ 'ಜೊಲ್' ಅಂತ ಕಲಿಸಿರಬಹುದು. ಮೇಲಿನ ಪಾಠದಲ್ಲಿ ಇರುವುದು 'ಪಾನಿ'. ಬಾಂಗ್ಲಾದೇಶದಲ್ಲಿ ಹೆಚ್ಚಿನವರು ಹೇಳುವುದು ಹಾಗೆಯೇ. ಯಾವ ಪದ ಯಾರ ಮನೆಯದು ಅಂತ ಗೊತ್ತಿರುವವರ ಮುಂದೆ ಜನ ಬೇಗ ಬಾಯಿ ಬಿಡುತ್ತಾರೆ.

ಇದೆಲ್ಲ ದೂರದ ಕಥೆ ಅಂದುಕೊಳ್ಳಬೇಡಿ. ಕನ್ನಡದಲ್ಲೇ, ನನ್ನ ಕೈಯಿಂದಲೇ ಇಂಥದ್ದು ಆಗಿದೆ. ನಾನು ಮಲೆನಾಡಿನವನು. ಕೆಲಸ ಶುರು ಮಾಡಿದ ಹೊಸದರಲ್ಲಿ ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಕಾಯಿಲೆಯ ಸಮೀಕ್ಷೆಗೆ ಹೋಗಿದ್ದೆ. ನಮೂನೆಯಲ್ಲಿ 'ಕಳೆದ ಎರಡು ವಾರದಲ್ಲಿ ಮಗುವಿಗೆ ಅತಿಸಾರವಾಗಿತ್ತೇ?' ಅಂತ ಅಚ್ಚಾಗಿತ್ತು. ಅತಿಸಾರ ಯಾರಿಗೂ ಗೊತ್ತಾಗುವುದಿಲ್ಲ ಅಂತ ನಾನೇ ಜಾಣತನ ಮಾಡಿ 'ಭೇದಿ' ಅಂತ ಕೇಳಿದೆ. ಇಲ್ಲ, ಇಲ್ಲ, ಇಲ್ಲ. ಒಂದು ಬೆಳಿಗ್ಗೆ ಪೂರ್ತಿ 'ಇಲ್ಲ' ಅಂತಲೇ ಗುರುತು ಹಾಕಿದೆ. ಮಧ್ಯಾಹ್ನ ಒಂದು ಮನೆಯಲ್ಲಿ ಮಗುವಿಗೆ ನನ್ನ ಕಣ್ಣೆದುರೇ ನೀರು ನೀರಾಗಿ ಭೇದಿಯಾಯಿತು. 'ಇದೇನಮ್ಮ?' ಅಂದೆ. 'ಹಲ್ಲ ಬರಾಕತ್ತಾವ್ರಿ, ಅದಕ ಸಂಡಾಸ ಆಗಾಕತ್ತದ' ಅಂದಳು ತಾಯಿ. ಅವಳಿಗೆ ಅದು ಕಾಯಿಲೆಯೇ ಅಲ್ಲ. ಮಗು ಬೆಳೆಯುವುದರ ಒಂದು ಗುರುತು.

ಹಲ್ಲು ಬರುವುದರಿಂದ ಭೇದಿ ಆಗುವುದಿಲ್ಲ. ಆ ವಯಸ್ಸಿನಲ್ಲಿ ಮಗು ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಎದೆಹಾಲಿನ ಜೊತೆ ಮೇಲಿನ ಊಟವೂ ಆಗಲೇ ಶುರುವಾಗಿರುತ್ತದೆ. ಎರಡೂ ಒಟ್ಟಿಗೆ ಬರುವುದರಿಂದ ತಾಯಿ ಒಂದಕ್ಕೊಂದು ಗಂಟು ಹಾಕುತ್ತಾಳೆ. ಅವಳ ಕಣ್ಣು ತಪ್ಪು ನೋಡಿಲ್ಲ, ಕಾರಣ ಮಾತ್ರ ಬೇರೆ. ಆ ಮಗುವಿಗೆ ಬೇಕಿದ್ದದ್ದು ಓಆರ್‌ಎಸ್ ಮತ್ತು 14 ದಿನ ಜಿಂಕ್ ಮಾತ್ರೆ. ಅವತ್ತು ಬೆಳಿಗ್ಗೆ ನಾನು ಬಿಟ್ಟುಬಂದ ಮನೆಗಳಲ್ಲಿ ಇಂಥ ಎಷ್ಟು ಮಕ್ಕಳಿದ್ದವೋ. ಮರುದಿನ ಆ ಬೀದಿಗೆ ವಾಪಸ್ ಹೋಗಿ ಮತ್ತೆ ಎಲ್ಲ ಬಾಗಿಲು ತಟ್ಟಿದೆ. ಈ ಸಲ 'ಭೇದಿ' ಅನ್ನಲಿಲ್ಲ. 'ದಿನಕ್ಕೆ ಎಷ್ಟು ಸಲ ಹೋಗ್ತದ, ನೀರ್ನೀರಾಗಿ ಹೋಗ್ತದೇನು?' ಅಂತ ಕೇಳಿದೆ. ಉತ್ತರಗಳು ಬೇರೆಯೇ ಆದವು. ಅವರದೇ ಭಾಷೆ ಆಡುವ ನಾನು ಯಾದಗಿರಿಯಲ್ಲಿ ಪರಭಾಷೆಯವನಾಗಿದ್ದೆ. ಅವತ್ತಿನಿಂದ ಯಾವ ಊರಿಗೆ ಹೋದರೂ ಮೊದಲ ವಾರ ನಾನು ಬರೀ ಪದ ಕೂಡಿಸುತ್ತೇನೆ.

ನೀವೂ ಹಾಗೇ ಮಾಡಿ. ಭಾಷೆ ಕಲಿಯುವ ಆ್ಯಪ್‌ಗಳು ವಿಮಾನ ನಿಲ್ದಾಣ, ಹೋಟೆಲು, ಬಿಲ್ಲು ಇವನ್ನು ಮೊದಲು ಕಲಿಸುತ್ತವೆ. ನಮ್ಮ ಕೆಲಸಕ್ಕೆ ಬೇಕಾದ ಪದಗಳು ಬೇರೆ. ಸುಸ್ತು, ನಂಜು, ಉಷ್ಣ, ದೃಷ್ಟಿ ತಾಗಿದ್ದು, ಗಾಳಿ ಸೋಕಿದ್ದು. ಮುಟ್ಟಾಗಿದೆ ಅನ್ನುವುದನ್ನು ಹೇಳದೆ ಹೇಳುವ 'ಹೊರಗೆ ಕೂತಿದ್ದಾಳೆ'. ವೈದ್ಯರ ಮುಂದೆ ಬಾಯಿಗೆ ಬಾರದ 'ಬಿಳಿಸೆರಗು'. ಮೈಮೇಲೆ ಗುಳ್ಳೆ ಎದ್ದರೆ ಕಾಯಿಲೆಯ ಹೆಸರು ಎತ್ತದೆ 'ಅಮ್ಮ ಆಗಿದೆ' ಅನ್ನುವುದು. ಈ ಪದಗಳ ಹಿಂದೆ ಭಯ ಇದೆ, ಮರ್ಯಾದೆ ಇದೆ, ಭಕ್ತಿ ಇದೆ. 'ಅಮ್ಮ ಆಗಿದೆ' ಅಂದ ಮನೆಗೆ ನೀವು ಚಪ್ಪಲಿ ಹಾಕಿಕೊಂಡು ಹೋಗಿ 'ಇದು ವೈರಸ್' ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು.

ಇನ್ನು ತಿರುಗಾಟ. ಇದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗಿದೆ. ಎರಡು ದಿನ ಹೋಗಿ ಬರುವ ಪ್ರವಾಸ ಆಸೆ ಹುಟ್ಟಿಸುತ್ತದೆ, ಅದು ಒಳ್ಳೆಯದೇ. ಆದರೆ ಊರು ಅರ್ಥವಾಗಬೇಕಾದರೆ ಕೂರಬೇಕು. ಮಂಗನ ಕಾಯಿಲೆಯನ್ನೇ ನೋಡಿ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಜನರಿಗೆ ಜೋರು ಜ್ವರ ಬಂತು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆಗ ಅದರ ಮುಖ್ಯಸ್ಥರಾಗಿದ್ದ ಟೆಲ್ಫರ್ಡ್ ವರ್ಕ್ ಅಮೆರಿಕದವರು, ಹಕ್ಕಿಗಳ ಬಗ್ಗೆ ಬಹಳ ತಿಳಿದವರು. ಆಮೇಲೆ ಸೇರಿಕೊಂಡ ಹೋರ್ಹೆ ಬೋಶೆಲ್ ಕೊಲಂಬಿಯಾದವರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಬೆನ್ನು ಹತ್ತಿದ್ದವರು. ಅಲ್ಲೂ ಮನುಷ್ಯರಿಗಿಂತ ಮೊದಲು ಸಾಯುವುದು ಮಂಗಗಳೇ. ಹಾಗಾಗಿ ಇಲ್ಲಿಗೂ ಹಳದಿ ಜ್ವರ ಬಂತೇ ಅನ್ನುವ ಭಯ ಮೊದಲು ಎದ್ದಿತು. ಆಮೇಲೆ ಗೊತ್ತಾಯಿತು, ಇದು ಬೇರೆಯೇ ವೈರಸ್, ಹರಡುವುದು ಸೊಳ್ಳೆಯಲ್ಲ, ಉಣುಗು. ದೇಶ ದೇಶ ತಿರುಗಿದ ಕಣ್ಣು ಕೆಲಸಕ್ಕೆ ಬಂತು ನಿಜ. ಆದರೆ ಮಂಗ ಸತ್ತರೆ ಜ್ವರ ಬರುತ್ತದೆ ಅಂತ ಎರಡನ್ನೂ ಸೇರಿಸಿ ನೋಡಿದವರು ಆ ಹಳ್ಳಿಯವರು. ಹೆಸರಿನಲ್ಲೇ ಆ ಗುರುತು ಉಳಿದಿದೆ.

ಈಗ ನೀವು ಮಲೆನಾಡಿಗೆ ಜುಲೈನಲ್ಲಿ ಹೋದಿರಿ ಅಂದುಕೊಳ್ಳಿ. ಜೋಗ ತುಂಬಿ ಧುಮುಕುತ್ತಿರುತ್ತದೆ. ಮಂಗನ ಕಾಯಿಲೆಯ ಸುಳಿವೇ ಸಿಗುವುದಿಲ್ಲ. ಅದು ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ವರೆಗೆ, ಮರಿ ಉಣುಗುಗಳು ಜಾಸ್ತಿ ಇರುವ ಒಣ ತಿಂಗಳುಗಳಲ್ಲಿ. ಜನ ದರಗು (ಉದುರಿದ ಒಣ ಎಲೆ) ಗುಡಿಸಲು, ಸೌದೆ ತರಲು, ಸೊಪ್ಪು ಕಡಿಯಲು ಕಾಡಿಗೆ ಹೋಗುವುದೂ ಆಗಲೇ. 'ಕಾಡಿಗೆ ಹೋಗಬೇಡಿ' ಅನ್ನುವ ಫಲಕ ಬರೆಯುವುದು ಸುಲಭ. ಕೊಟ್ಟಿಗೆಗೆ ದರಗು ಬೇಕು, ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಒಲೆಗೆ ಸೌದೆ ಬೇಕು. ಇದು ಗೊತ್ತಿರುವವರು ಫಲಕವನ್ನು ಬೇರೆ ರೀತಿ ಬರೆಯುತ್ತಾರೆ: ಹೋಗುವಾಗ ಉಣುಗು ಹತ್ತದಂತೆ ಮೈಗೆ ಡೇಪಾ ಎಣ್ಣೆ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ. ಒಂದು ಊರಲ್ಲಿ ಒಂದು ವರ್ಷ ಕಳೆದವರಿಗೆ ಇದು ತಾನಾಗಿಯೇ ಹೊಳೆಯುತ್ತದೆ.

ಹೆಸರಿನ ವಿಷಯ ಬಂತಲ್ಲ, ಇನ್ನೊಂದು ಗೋಜಲನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ 'ಮಂಗನ ಬಾವು' ಅಂದರೆ ಕೆನ್ನೆ ಊದುವ ಮಂಪ್ಸ್. ಅದಕ್ಕೂ ಮಂಗಕ್ಕೂ ಏನೂ ಸಂಬಂಧವಿಲ್ಲ, ಊದಿದ ಮುಖ ನೋಡಿ ಇಟ್ಟ ಹೆಸರಿರಬೇಕು. 'ಮಂಗನ ಕಾಯಿಲೆ' ಉಣುಗಿನಿಂದ ಬರುವುದು. 2022ರಲ್ಲಿ ಮಂಕಿಪಾಕ್ಸ್ ಸುದ್ದಿಯಾದಾಗ ಕೆಲವರು 'ಮಂಗನ ಸಿಡುಬು' ಅಂತ ಬರೆದರು. ಈ ಮೂರೂ ಒಂದೇ ಅಂದುಕೊಂಡು ಗಾಬರಿಯಾಗಿ ನನ್ನನ್ನು ಕೇಳಿದವರಿದ್ದಾರೆ. ಅದೇ ವರ್ಷ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಕಾಯಿಲೆಯನ್ನು ಎಂಪಾಕ್ಸ್ ಅಂತ ಕರೆಯಲು ಹೇಳಿತು. ಹಳೆಯ ಹೆಸರು ಜನರನ್ನು ಹೀಯಾಳಿಸಲು ಬಳಕೆಯಾಗುತ್ತಿತ್ತು ಅನ್ನುವುದೇ ಕಾರಣ. ಕಾಯಿಲೆಗೆ ಹೆಸರಿಡುವುದೂ ಭಾಷೆ ಬಲ್ಲವರ ಜವಾಬ್ದಾರಿ.

ಅರ್ಧ ಭಾಷೆಯ ಅಪಾಯವನ್ನೂ ಹೇಳಬೇಕು. ನಿಮ್ಮಂಥ ಉತ್ಸಾಹಿಗಳು ಬೀಳುವುದು ಇಲ್ಲೇ. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 18 ವರ್ಷದ ಹುಡುಗನೊಬ್ಬ ಎಚ್ಚರ ತಪ್ಪಿ ಆಸ್ಪತ್ರೆಗೆ ಬಂದ. ಮನೆಯವರು ಕ್ಯೂಬಾ ಮೂಲದವರು. ಅವರು 'ಇಂತೊಕ್ಸಿಕಾದೊ' ಅನ್ನುವ ಸ್ಪ್ಯಾನಿಷ್ ಪದ ಹೇಳಿದರು. ತಿಂದದ್ದೇನೋ ಮೈಗೆ ಆಗಿಲ್ಲ, ನಂಜಾಗಿದೆ ಅನ್ನುವ ಅರ್ಥದಲ್ಲಿ. ಕೇಳಿಸಿಕೊಂಡವರಿಗೆ ಅದು ಇಂಗ್ಲಿಷಿನ 'ಇಂಟಾಕ್ಸಿಕೇಟೆಡ್' ಅನ್ನಿಸಿತು. ಡ್ರಗ್ಸ್ ತೆಗೆದುಕೊಂಡಿದ್ದಾನೆ ಅಂತ ಚಿಕಿತ್ಸೆ ಶುರು ಮಾಡಿದರು. ನಿಜದಲ್ಲಿ ಅವನ ಮೆದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಗೊತ್ತಾಗುವಷ್ಟರಲ್ಲಿ ಕೈ ಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಪರಿಹಾರದ ಮೊತ್ತ ಅವನ ಜೀವಮಾನದಲ್ಲಿ ಸುಮಾರು 7 ಕೋಟಿ 10 ಲಕ್ಷ ಡಾಲರ್ ಅಂತ ಲೆಕ್ಕವಾಯಿತು. ಸಾವಿರ ಪದ ಗೊತ್ತಿರುವವರು ಐನೂರು ಪದಗಳ ಬಗ್ಗೆ ಅನುಮಾನ ಇಟ್ಟುಕೊಳ್ಳಬೇಕು. 'ನೀವು ಹೇಳಿದ್ದು ನನಗೆ ಹೀಗೆ ಅರ್ಥವಾಯಿತು, ಸರಿನಾ?' ಅಂತ ತಿರುಗಿ ಹೇಳಿ ಕೇಳುವ ಅಭ್ಯಾಸ ಇವತ್ತಿನಿಂದಲೇ ಮಾಡಿಕೊಳ್ಳಿ. ಮತ್ತೆ, ಮನೆಯ ಮಕ್ಕಳನ್ನು ಯಾವತ್ತೂ ದುಭಾಷಿ ಮಾಡಬೇಡಿ. ಅಮ್ಮನ ರಕ್ತಸ್ರಾವದ ವಿಷಯವನ್ನು ಹತ್ತು ವರ್ಷದ ಮಗನ ಬಾಯಲ್ಲಿ ಹೇಳಿಸುವುದು ತಪ್ಪು.

ಈಗ ನಿಮ್ಮ ಮನೆಯವರ ಪ್ರಶ್ನೆ, ಹೊಟ್ಟೆಪಾಡು. ಡಾಕ್ಟರ್ ಆಗದೆ ಈ ಕ್ಷೇತ್ರಕ್ಕೆ ಬರಬಹುದು. ಎಂ.ಪಿ.ಎಚ್. (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್) ಅಂತ ಎರಡು ವರ್ಷದ ಸ್ನಾತಕೋತ್ತರ ಪದವಿ ಇದೆ. ಮಣಿಪಾಲದಲ್ಲಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಸಾರ್ವಜನಿಕ ಆರೋಗ್ಯದ ಕೋರ್ಸುಗಳಿವೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ ಇದರಲ್ಲಿ ಹಳೆಯದು. ಹಲವು ಕಡೆ ಬೇರೆ ಪದವಿಯವರನ್ನೂ ತೆಗೆದುಕೊಳ್ಳುತ್ತಾರೆ. ನಿಯಮ ಒಂದೊಂದು ಕಡೆ ಒಂದೊಂದು ಥರ. ಆ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ. ಕಲಿತ ಮೇಲೆ ರಾಷ್ಟ್ರೀಯ ಆರೋಗ್ಯ ಅಭಿಯಾನ, ಸಂಶೋಧನಾ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು ಹೀಗೆ ಕೆಲಸ ಸಿಗುತ್ತದೆ. ಶುರುವಿನಲ್ಲಿ ಎಷ್ಟೋ ಕೆಲಸ ಗುತ್ತಿಗೆಯದು, ಸಂಬಳ ಐಟಿ ಕಂಪನಿಯಷ್ಟು ಇರುವುದಿಲ್ಲ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಕಡ್ಡಾಯವಾಗಿ ಕಲಿಯಬೇಕಾದ ಇನ್ನೊಂದು ಭಾಷೆ ಇದೆ, ಅಂಕಿಸಂಖ್ಯೆ. ಇದರಲ್ಲಿ ವಿನಾಯಿತಿ ಕೇಳಬೇಡಿ. ಬ್ರಾಕ್‌ನವರು ಮೊದಲು ಲೆಕ್ಕ ಹಾಕಿದ್ದರಿಂದಲೇ ಎಲ್ಲೋ ಎಡವಟ್ಟಾಗಿದೆ ಅಂತ ಗೊತ್ತಾಯಿತು. ಕೂತು ಕೇಳಿದ್ದರಿಂದ ಏನು ಎಡವಟ್ಟು ಅಂತ ಗೊತ್ತಾಯಿತು. ಲೆಕ್ಕ ಬಾರದವರು ಒಂದು ಮನೆಯ ಕಥೆಯನ್ನು ಊರಿನ ಕಥೆ ಅಂದುಕೊಳ್ಳುತ್ತಾರೆ. ಮಾತು ಬಾರದವರು ನನ್ನ ಹಾಗೆ ಒಂದು ಬೆಳಿಗ್ಗೆ ಪೂರ್ತಿ 'ಇಲ್ಲ' ಅಂತ ಗುರುತು ಹಾಕಿಕೊಂಡು ಬರುತ್ತಾರೆ.

ಕೋರ್ಸು ಸೇರುವ ತನಕ ಕಾಯಬೇಕಾಗಿಲ್ಲ. ನೀವಿರುವ ಬೆಂಗಳೂರಿನಲ್ಲೇ ಕಟ್ಟಡ ಕಟ್ಟುವವರು, ಕಸ ಆರಿಸುವವರು, ಮನೆಗೆಲಸದವರು ಎಷ್ಟೋ ಜನ ಬಂಗಾಳಿ ಆಡುತ್ತಾರೆ. ಅವರ ಶೆಡ್ಡುಗಳಿಗೂ ಆಶಾ ಕಾರ್ಯಕರ್ತೆ ಹೋಗುತ್ತಾರೆ, ಲಸಿಕೆಯ ಕಾರ್ಡು ಹಿಡಿದುಕೊಂಡು. ಕನ್ನಡ ಇವರಿಗೆ ಬರುವುದಿಲ್ಲ, ಬಂಗಾಳಿ ಅವರಿಗೆ ಬರುವುದಿಲ್ಲ. ಹರಕು ಹಿಂದಿಯಲ್ಲಿ ಇಬ್ಬರೂ ಹೇಗೋ ನಿಭಾಯಿಸುತ್ತಾರೆ. ನಿಮ್ಮ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಹೋಗಿ, 'ನನಗೆ ಬಂಗಾಳಿ ಬರುತ್ತದೆ, ಶನಿವಾರ ಬಿಡುವಿದೆ, ಜೊತೆಗೆ ಬರಲೇ?' ಅಂತ ಕೇಳಿ. ಒಪ್ಪಿಗೆ ಸಿಕ್ಕರೆ ಆರು ತಿಂಗಳು ಬಿಡದೆ ಹೋಗಿ. ಫೋಟೋ ತೆಗೆಯಬೇಡಿ. ಕೇಳಿದ್ದನ್ನು ಹೊರಗೆ ಆಡಬೇಡಿ. ಒಂದು ನೋಟ್‌ಬುಕ್ ಇಟ್ಟು, ಅವರು ಕಾಯಿಲೆಗೆ ಹೇಳುವ ಪದವನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಆ ಕಾಯಿಲೆ ಯಾಕೆ ಬಂತು ಅಂತ ಅವರು ಹೇಳಿದ ಕಾರಣ, ಅದಕ್ಕೆ ಮನೆಯಲ್ಲಿ ಮೊದಲು ಏನು ಮಾಡಿದರು ಅನ್ನುವುದು. ಹೆಸರು, ವಿಳಾಸ ಬೇಡ.

ತುಳುವನ್ನೂ ಬಿಡಬೇಡಿ. ಅದು ಹುಟ್ಟಿನಿಂದ ಬಂದದ್ದು ಅಂತ ನಿಮಗೆ ಅದರ ಬೆಲೆ ಕಾಣುತ್ತಿಲ್ಲ. ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು ಮಕ್ಕಳ ಹೊಟ್ಟೆನೋವಿಗೆ, ಬಾಣಂತಿಯ ಜ್ವರಕ್ಕೆ, ಮೈಮೇಲಿನ ಗುಳ್ಳೆಗೆ ಏನೇನು ಹೆಸರಿದೆ ಅಂತ ಕೇಳಿ. ನೋಟ್‌ಬುಕ್ಕಿನ ಮೊದಲ ಪುಟ ಅಲ್ಲಿಂದಲೇ ತುಂಬಲಿ. ಇವತ್ತು ರಾತ್ರಿ ರೂಮ್‌ಮೇಟ್ ಬಂದಾಗ ಇನ್ನೊಂದು ಪ್ರಶ್ನೆ ಕೇಳಿ ನೋಡಿ: ನಿಮ್ಮ ಮನೆಯಲ್ಲಿ ಚಿಕ್ಕ ಮಗುವಿಗೆ ಹೊಟ್ಟೆ ಕೆಟ್ಟರೆ ಅಮ್ಮ ಏನಂತಾರೆ, ಅಜ್ಜಿ ಏನಂತಾರೆ, ಎರಡೂ ಒಂದೇನಾ?